ಖಾಲಿ ಬಾಟಲಿಯೂ ಉತ್ಸರ್ಗ ಸಮಿತಿಯೂ

ಜೈನ ಶ್ರಾವಕರ ಮನೆಯಲ್ಲಿ ನೀರು ಸೋಸುವುದು ಬರಿಯ ಶುಚಿತ್ವದ ಕೆಲಸವಲ್ಲ. ಅದು ಅಹಿಂಸೆಯ ಆಚರಣೆ. ಕೊಡದ ಬಾಯಿಗೆ ದಪ್ಪನೆಯ ಬಿಳಿ ಬಟ್ಟೆಯನ್ನು ಎರಡು ಪದರ ಮಾಡಿ ಹಾಸಿ, ಬಾವಿಯಿಂದ ಸೇದಿದ ನೀರನ್ನು ಅದರ ಮೇಲೆ ನಿಧಾನವಾಗಿ ಹೊಯ್ಯುವುದು ತಲೆಮಾರುಗಳಿಂದ ನಡೆದುಬಂದ ಕ್ರಮ. ಸೋಸದ ನೀರನ್ನು ಕುಡಿಯಬಾರದೆಂಬ ನಿಯಮ ಜೈನರಲ್ಲದವರಿಗೂ ಗೊತ್ತು. ಆದರೆ ಈ ವಿಧಿಗೆ ಎರಡನೆಯ ಅರ್ಧವೊಂದಿದೆ. ಅದನ್ನು ಬಲ್ಲವರು ಕಡಿಮೆ.

ನೀರು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಏನು ಮಾಡಬೇಕು? ಬಟ್ಟೆಯನ್ನು ಕೊಡವಿ ನೆಲಕ್ಕೆ ಒಗೆಯುವಂತಿಲ್ಲ. ಹಾಗೆಯೇ ಬಿಸಿಲಿಗೆ ಹರವುವಂತಿಲ್ಲ. ಸೋಸಿದ ನೀರನ್ನೇ ಬಟ್ಟೆಯ ಮೇಲೆ ಹೊಯ್ದು, ಆ ಜೀವಿಗಳನ್ನು ಪಾತ್ರೆಯೊಂದಕ್ಕೆ ಇಳಿಸಿಕೊಂಡು, ಯಾವ ಬಾವಿಯಿಂದ ನೀರು ಬಂದಿತೋ ಅದೇ ಬಾವಿಗೆ ಮರಳಿ ಬಿಡಬೇಕು. ಒಂದು ಬಾವಿಯ ಜೀವಕ್ಕೆ ಇನ್ನೊಂದು ಬಾವಿಯ ನೀರು ಒಗ್ಗದು. ಮೇಲಿನಿಂದ ಸುರಿದರೆ ಬಿದ್ದ ಪೆಟ್ಟಿಗೇ ಅವು ಸಾಯಬಹುದು. ಆದ್ದರಿಂದ ಪಾತ್ರೆಯನ್ನು ನೀರಿನ ಮಟ್ಟದವರೆಗೆ ಇಳಿಸಿ ಬಿಡಬೇಕು. ಹೀಗೆ ಮರಳಿಸುವುದನ್ನು ‘ಜೀವಾನಿ’ ಎಂದು ಕರೆಯುವುದುಂಟು. ಇದನ್ನು ಮಾಡದೆ ಬರಿಯ ನೀರು ಸೋಸಿದರೆ ವ್ರತ ಅರ್ಧವಾಯಿತೆಂದೇ ಹಿರಿಯರ ಅಭಿಪ್ರಾಯ.

ಇಂದು ನೀರು ಸೋಸುವ ಕೆಲಸವನ್ನು ಕಾರ್ಖಾನೆಗಳು ವಹಿಸಿಕೊಂಡಿವೆ. ಭೂಮಿಯೊಳಗಿನ ನೀರನ್ನು ಮೇಲೆತ್ತಿ, ಹಲವು ಹಂತಗಳಲ್ಲಿ ಶೋಧಿಸಿ, ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಮುಚ್ಚಳ ಬಿಗಿದು ಊರೂರಿಗೆ ಕಳಿಸುತ್ತವೆ. ಹಣ್ಣಿನ ರಸ, ಸೋಡಾ, ತಂಪು ಪಾನೀಯಗಳ ಕಥೆಯೂ ಇದೇ. ವಿಧಿಯ ಮೊದಲ ಅರ್ಧ ಅಚ್ಚುಕಟ್ಟಾಗಿ ನಡೆಯುತ್ತಿದೆ. ಮರಳಿಸುವ ಎರಡನೆಯ ಅರ್ಧ ಎಲ್ಲಿ ಹೋಯಿತು? ನೀರು ಕುಡಿದಾದ ಮೇಲೆ ಉಳಿಯುವ ಬಾಟಲಿ ಯಾರದು?

ಐದನೆಯ ಸಮಿತಿ

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಐದು ಸಮಿತಿಗಳನ್ನು ಹೇಳುತ್ತದೆ. ಸಮಿತಿಯೆಂದರೆ ಎಚ್ಚರದಿಂದ ನಡೆದುಕೊಳ್ಳುವುದು. ನೆಲ ನೋಡಿ ಹೆಜ್ಜೆಯಿಡುವುದು ಈರ್ಯಾ ಸಮಿತಿ. ಹಿತವೂ ಮಿತವೂ ಆದ ಮಾತನ್ನಾಡುವುದು ಭಾಷಾ ಸಮಿತಿ. ದೋಷವಿಲ್ಲದ ಆಹಾರವನ್ನು ಸ್ವೀಕರಿಸುವುದು ಏಷಣಾ ಸಮಿತಿ. ವಸ್ತುವನ್ನು ಎತ್ತುವಾಗ, ಇಡುವಾಗ ಜೀವಿಗಳಿಗೆ ನೋವಾಗದಂತೆ ನೋಡಿಕೊಳ್ಳುವುದು ಆದಾನ-ನಿಕ್ಷೇಪಣ ಸಮಿತಿ. ಐದನೆಯದು ಉತ್ಸರ್ಗ ಸಮಿತಿ. ದೇಹದ ಮಲವನ್ನೇ ಆಗಲಿ, ಬಳಸಿ ಬೇಡವಾದ ವಸ್ತುವನ್ನೇ ಆಗಲಿ ಬಿಡುವಾಗ, ಆ ಜಾಗದಲ್ಲಿ ಜೀವಿಗಳಿಲ್ಲವೆಂದು ಕಣ್ಣಾರೆ ಕಂಡು, ಪಿಂಛದಿಂದ ಮೃದುವಾಗಿ ಗುಡಿಸಿ, ಆಮೇಲೆ ಬಿಡುವುದು.

ಈ ಐದರಲ್ಲಿ ಒಂದನ್ನು ಬಿಡುವುದಕ್ಕಾಗಿಯೇ ಮೀಸಲಿಟ್ಟಿರುವುದು ಗಮನಿಸಬೇಕಾದ ಸಂಗತಿ. ವಸ್ತುವನ್ನು ಪಡೆಯುವಾಗ ಮನುಷ್ಯ ತಾನಾಗಿಯೇ ಎಚ್ಚರವಾಗಿರುತ್ತಾನೆ. ಬೆಲೆ ಕೇಳುತ್ತಾನೆ, ಗುಣ ಪರೀಕ್ಷಿಸುತ್ತಾನೆ, ಮುಚ್ಚಳದ ಮುದ್ರೆ ಒಡೆದಿದೆಯೇ ಎಂದು ನೋಡುತ್ತಾನೆ. ಬಿಡುವಾಗ ಆ ಎಚ್ಚರ ಇರುವುದಿಲ್ಲ. ಕೈಯಿಂದ ಜಾರಿದ್ದು ಮನಸ್ಸಿನಿಂದಲೂ ಜಾರುತ್ತದೆ. ಜೈನ ಪರಿಭಾಷೆಯಲ್ಲಿ ಇದು ಪ್ರಮಾದ. ಹಿಂಸೆಯ ಮೂಲ ದ್ವೇಷವೊಂದೇ ಅಲ್ಲ, ಪ್ರಮಾದವೂ ಹೌದು ಎಂಬುದು ಜಿನಶಾಸನದ ತಿಳಿವಳಿಕೆ. ಬಸ್ಸಿನ ಕಿಟಕಿಯಿಂದ ಖಾಲಿ ಬಾಟಲಿಯನ್ನು ಹೊರಗೆಸೆಯುವವನಿಗೆ ಯಾವ ಪ್ರಾಣಿಯ ಮೇಲೂ ದ್ವೇಷವಿಲ್ಲ. ಆದರೂ ಆ ಬಾಟಲಿ ಚರಂಡಿಗೆ ಬಿದ್ದು, ಮಳೆಯಲ್ಲಿ ಹಳ್ಳ ಸೇರಿ, ಹೊಳೆ ಸೇರಿ, ಕಡಲು ಸೇರುವವರೆಗೆ ದಾರಿಯುದ್ದಕ್ಕೂ ಹಿಂಸೆಗೆ ಕಾರಣವಾಗುತ್ತಲೇ ಹೋಗುತ್ತದೆ.

ಉತ್ಸರ್ಗ ಸಮಿತಿ ಪೂರ್ಣರೂಪದಲ್ಲಿ ಮುನಿಗಳಿಗೆ ವಿಧಿಸಿದ್ದು. ಆದರೆ ಮುನಿಗಳು ಪೂರ್ಣವಾಗಿ ಪಾಲಿಸುವುದನ್ನು ಶ್ರಾವಕರು ಅಂಶರೂಪದಲ್ಲಿ ಪಾಲಿಸಬೇಕೆಂಬುದೇ ಜೈನ ಆಚಾರದ ಕ್ರಮ. ಮಹಾವ್ರತದ ನೆರಳಿನಲ್ಲಿ ಅಣುವ್ರತ ನಿಂತಿರುವಂತೆ, ಮುನಿಯ ಉತ್ಸರ್ಗದ ನೆರಳಿನಲ್ಲಿ ಗೃಹಸ್ಥನ ಕಸದ ಬುಟ್ಟಿಯೂ ನಿಂತಿದೆ.

ಭೋಗದ ವಸ್ತು, ಉಪಭೋಗದ ವಸ್ತು

ಶ್ರಾವಕನ ವ್ರತಗಳಲ್ಲಿ ಭೋಗೋಪಭೋಗ ಪರಿಮಾಣ ವ್ರತವೂ ಒಂದು. ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರ ಭೋಗ ಮತ್ತು ಉಪಭೋಗಗಳ ವ್ಯತ್ಯಾಸವನ್ನು ಸ್ಪಷ್ಟವಾಗಿ ತಿಳಿಸುತ್ತದೆ. ಒಮ್ಮೆ ಅನುಭವಿಸಿದರೆ ಮುಗಿದುಹೋಗುವುದು ಭೋಗ: ಅನ್ನ, ನೀರು, ಹೂವು, ಗಂಧ. ಮತ್ತೆ ಮತ್ತೆ ಬಳಸಬಹುದಾದದ್ದು ಉಪಭೋಗ: ಬಟ್ಟೆ, ಆಭರಣ, ಪಾತ್ರೆ, ಹಾಸಿಗೆ. ಎರಡಕ್ಕೂ ಮಿತಿ ಹಾಕಿಕೊಳ್ಳುವುದೇ ವ್ರತ.

ಈ ಬೆಳಕಿನಲ್ಲಿ ಬಾಟಲಿಯನ್ನು ನೋಡಿದರೆ ಇಂದಿನ ತೊಡಕಿನ ಬೇರು ಕಾಣುತ್ತದೆ. ನೀರು ಭೋಗದ ವಸ್ತು. ಅದನ್ನು ಹಿಡಿದಿಡುವ ಪಾತ್ರೆ ಉಪಭೋಗದ ವಸ್ತು. ಒಂದೇ ಸಲ ಬಳಸುವ ಬಾಟಲಿ ಬಂದದ್ದೇ ಪಾತ್ರೆಯೂ ಭೋಗದ ಸಾಲಿಗೆ ಸೇರಿತು. ನೀರಿನ ಆಯುಷ್ಯ ಒಂದು ಗುಟುಕು. ಬಾಟಲಿಯ ಆಯುಷ್ಯ ಮನುಷ್ಯನ ಹಲವು ತಲೆಮಾರು. ಕ್ಷಣದ ಬಳಕೆಗೆ ಶತಮಾನದ ವಸ್ತು ಒದಗಿದಾಗ ಮಿತಿ ತಪ್ಪುವುದು ಸಹಜ.

ಹಿಂದೆ ಹೀಗಿರಲಿಲ್ಲ. ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತ 1872ರಲ್ಲಿ ಹಕ್ಕುಸ್ವಾಮ್ಯ ಪಡೆದ, ಕೊರಳಲ್ಲಿ ಗೋಲಿಯಿರುವ ಗಾಜಿನ ಶೀಷೆಯೇ ಕನ್ನಡ ನಾಡಿನ ಊರೂರಿನಲ್ಲಿ ಗೋಲಿಸೋಡಾ ಎಂದು ಮನೆಮಾತಾಯಿತು. ಗಿರಾಕಿ ಅಂಗಡಿಯ ಮುಂದೆಯೇ ನಿಂತು ಕುಡಿದು ಶೀಷೆಯನ್ನು ಅಲ್ಲಿಯೇ ಬಿಟ್ಟು ಹೋಗುತ್ತಿದ್ದ. ಅದು ತೊಳೆದು, ತುಂಬಿ, ಮರುದಿನ ಇನ್ನೊಬ್ಬನ ಕೈಗೆ ಬರುತ್ತಿತ್ತು. ಸೋಡಾ ಭೋಗ, ಶೀಷೆ ಉಪಭೋಗ ಎಂಬ ವ್ಯವಸ್ಥೆ ಯಾವ ಉಪದೇಶವೂ ಇಲ್ಲದೆ ನಡೆದಿತ್ತು. ಅಮೆರಿಕದ ನಥಾನಿಯಲ್ ವೈಯತ್ 1973ರಲ್ಲಿ ಪೆಟ್ ಪ್ಲಾಸ್ಟಿಕ್ಕಿನ ಬಾಟಲಿಗೆ ಹಕ್ಕುಸ್ವಾಮ್ಯ ಪಡೆದ ಬಳಿಕ ಲೆಕ್ಕ ಬದಲಾಯಿತು. ಹೊಸ ಬಾಟಲಿ ಹಗುರ, ಒಡೆಯದು, ಸಾಗಿಸಲು ಅಗ್ಗ. ಮರಳಿ ತರಿಸಿ ತೊಳೆಯುವುದಕ್ಕಿಂತ ಹೊಸದನ್ನು ಮಾಡುವುದೇ ಉದ್ಯಮಕ್ಕೆ ಲಾಭವೆನಿಸಿತು. ಹಾಗೆ ಉಳಿಸಿದ ಖರ್ಚು ಇಲ್ಲವಾಗಲಿಲ್ಲ. ಊರಿನ ಚರಂಡಿಗೂ ಕೆರೆಗೂ ಕಡಲಿಗೂ ವರ್ಗವಾಯಿತು.

ಇದರ ಎದುರಿಗೆ ದಿಗಂಬರ ಮುನಿಯ ಕಮಂಡಲುವನ್ನು ಇಟ್ಟು ನೋಡಬಹುದು. ಸಂಯಮಕ್ಕೆ ಪಿಂಛ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ: ಮುನಿಯ ಬಳಿ ಇರುವ ಉಪಕರಣಗಳು ಇಷ್ಟೇ. ಕುಡಿಯುವ ನೀರಿಗೆ ಪಾತ್ರೆಯೂ ಇಲ್ಲ. ಆಹಾರದ ವೇಳೆಯಲ್ಲಿ ಎರಡು ಅಂಗೈ ಕೂಡಿಸಿದ ಬೊಗಸೆಯೇ ಪಾತ್ರೆ. ಕಮಂಡಲುವಿಗೆ ನೀರು ತುಂಬುವ ಬಾಯಿ ಅಗಲ, ನೀರು ಬೀಳುವ ಮೂತಿ ಕಿರಿದು. ಕೂಡಿಸುವಾಗ ಧಾರಾಳವಿದ್ದರೂ ಖರ್ಚಿನಲ್ಲಿ ಬಿಗಿಯಿರಲಿ ಎಂಬ ಪಾಠವನ್ನು ಪ್ರವಚನಗಳಲ್ಲಿ ಇದರಿಂದ ಹೇಳುವುದುಂಟು.

ಖಾಲಿಯಾದ ಬಾಟಲಿಯ ಗತಿ

ಜೀವ ಒಂದು ದೇಹವನ್ನು ಬಿಟ್ಟು ಮುಂದಿನ ಗತಿಗೆ ಹೋಗುವುದನ್ನು ಜೈನ ಗ್ರಂಥಗಳು ವಿಸ್ತಾರವಾಗಿ ವರ್ಣಿಸುತ್ತವೆ. ಜೀವವಿಲ್ಲದ ಬಾಟಲಿಗೂ ಒಂದು ಗತಿಯಿದೆ. ಅದು ಹೇಗಿರಬೇಕೆಂಬುದನ್ನು ಅದನ್ನು ತಯಾರಿಸಿದವರೂ ಬಳಸಿದವರೂ ಸೇರಿ ನಿರ್ಧರಿಸುತ್ತಾರೆ.

ಪೆಟ್ ಬಾಟಲಿ ಕಲ್ಲೆಣ್ಣೆಯ ಮೂಲದಿಂದ ಬಂದದ್ದು. ಮಣ್ಣಿನಲ್ಲಿ ಅದು ಕೊಳೆಯುವುದಿಲ್ಲ. ಬಿಸಿಲಿಗೂ ಅಲೆಗೂ ಸಿಕ್ಕಿ ನುಚ್ಚುನೂರಾಗಿ ಕಣ್ಣಿಗೆ ಕಾಣದ ಕಣಗಳಾಗುತ್ತದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2024ರ ಜನವರಿಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿನ ಪೇಟೆಯ ಬಾಟಲಿ ನೀರಿನ ಒಂದು ಲೀಟರಿನಲ್ಲಿ ಸರಾಸರಿ 2,40,000 ಪ್ಲಾಸ್ಟಿಕ್ ಕಣಗಳು ಕಂಡವು. ಸೂಕ್ಷ್ಮಜೀವಿಗಳ ಹಿಂಸೆ ತಪ್ಪಿಸಲೆಂದು ಬಟ್ಟೆಯಲ್ಲಿ ಸೋಸುತ್ತಿದ್ದ ಮನುಷ್ಯ, ಇಂದು ಯಾವ ಬಟ್ಟೆಯೂ ಹಿಡಿಯಲಾರದ ಪ್ಲಾಸ್ಟಿಕ್ ಹುಡಿಯನ್ನು ತಾನೇ ನೀರಿಗೆ ಬೆರೆಸಿಕೊಂಡಿದ್ದಾನೆ.

ಬಾಟಲಿಗೆ ಒಳ್ಳೆಯ ಗತಿಯೂ ಸಾಧ್ಯ. ಸಂಗ್ರಹಿಸಿದ ಬಾಟಲಿಗಳನ್ನು ಬಣ್ಣದ ಪ್ರಕಾರ ವಿಂಗಡಿಸಿ, ಚೂರು ಮಾಡಿ, ಕಾಸ್ಟಿಕ್ ಸೋಡಾ ಬೆರೆತ ಬಿಸಿನೀರಿನಲ್ಲಿ ತೊಳೆಯುತ್ತಾರೆ. ಆ ಚೂರುಗಳನ್ನು ನೀರಿನ ತೊಟ್ಟಿಗೆ ಬಿಟ್ಟಾಗ ನೀರಿಗಿಂತ ಭಾರವಾದ ಪೆಟ್ ತಳಕ್ಕಿಳಿಯುತ್ತದೆ. ಬೇರೆ ಜಾತಿಯ ಪ್ಲಾಸ್ಟಿಕ್ಕಿನ ಮುಚ್ಚಳದ ಚೂರು ನೀರಿಗಿಂತ ಹಗುರವಾದ್ದರಿಂದ ಮೇಲೆ ತೇಲುತ್ತದೆ. ಹೀಗೆ ಬೇರ್ಪಟ್ಟ ಚೂರನ್ನು ಒಣಗಿಸಿ, ಕರಗಿಸಿ, ನೂಲು ತೆಗೆದು ಬಟ್ಟೆಗೂ ದಿಂಬಿನ ಹತ್ತಿಗೂ ಬಳಸಬಹುದು. ಇನ್ನಷ್ಟು ಶುದ್ಧೀಕರಿಸಿದರೆ ಮತ್ತೆ ಬಾಟಲಿಯನ್ನೇ ಮಾಡಬಹುದು. ಎರಡನೆಯದೇ ಉತ್ತಮ ದಾರಿ. ನೂಲಾದ ಬಾಟಲಿ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಬಾಟಲಿಯಾದ ಬಾಟಲಿ ಮತ್ತೆ ತಿರುಗಿ ಬರಬಲ್ಲದು.

ಹಾಗಿದ್ದೂ ಎಲ್ಲ ಬಾಟಲಿಗಳಿಗೆ ಈ ಗತಿ ಏಕೆ ದೊರೆಯುವುದಿಲ್ಲ? ಅಡ್ಡಿಗಳು ಹಲವು ಕಾರ್ಖಾನೆಯಲ್ಲಿಯೇ ಹುಟ್ಟುತ್ತವೆ. ಹಸಿರು, ನೀಲಿ ಬಣ್ಣ ಬೆರೆಸಿದ ಬಾಟಲಿಯಿಂದ ಮತ್ತೆ ತಿಳಿಯಾದ ಬಾಟಲಿ ಮಾಡಲಾಗದು. ಪಿವಿಸಿ ಹೊದಿಕೆಯ ಚೂರುಗಳು ಸ್ವಲ್ಪವೇ ಬೆರೆತರೂ ಕರಗಿಸಿದ ಪೆಟ್ ಹಳದಿಗಟ್ಟಿ ಕೆಡುತ್ತದೆ. ಬಾಟಲಿಯ ಮೈತುಂಬ ಬಿಗಿದ ಹೊದಿಕೆ ವಿಂಗಡಿಸುವ ಯಂತ್ರದ ಕಣ್ಣನ್ನೇ ಮರೆಸುತ್ತದೆ. ಬಿಡಿಯಾಗಿ ಬಿದ್ದ ಪುಟ್ಟ ಮುಚ್ಚಳವನ್ನು ಆಯುವವರೇ ಇಲ್ಲ. ಈ ಕಾರಣದಿಂದಲೇ ಯುರೋಪಿನ ಒಕ್ಕೂಟ 2024ರ ಜುಲೈಯಿಂದ, ಮೂರು ಲೀಟರಿನವರೆಗಿನ ಪ್ಲಾಸ್ಟಿಕ್ ಪಾನೀಯ ಬಾಟಲಿಗಳ ಮುಚ್ಚಳ ತೆರೆದ ಮೇಲೂ ಬಾಟಲಿಗೆ ಅಂಟಿಕೊಂಡೇ ಇರಬೇಕೆಂದು ಕಡ್ಡಾಯ ಮಾಡಿತು. ಬಣ್ಣವಿಲ್ಲದ ಬಾಟಲಿ, ಸುಲಭವಾಗಿ ಕಳಚುವ ಚೀಟಿ, ಕಳೆದುಹೋಗದ ಮುಚ್ಚಳ: ಇವು ಸಣ್ಣ ಬದಲಾವಣೆಗಳು. ಆದರೆ ಬಾಟಲಿ ಹುಟ್ಟುವ ಮೊದಲೇ ಅದರ ಅಂತ್ಯವನ್ನು ಯೋಚಿಸಿದವರಿಗೆ ಮಾತ್ರ ಇವು ಹೊಳೆಯುತ್ತವೆ. ಬಿಡುವ ಮೊದಲು ಜಾಗವನ್ನು ನೋಡಿ ಗುಡಿಸುವ ಉತ್ಸರ್ಗ ಸಮಿತಿಯೂ ಇಂಥ ಮುನ್ನೋಟವನ್ನೇ ಬೇಡುತ್ತದೆ.

ಈ ಗತಿಯ ನಡುವೆ ನಿಂತಿರುವ ಒಬ್ಬರನ್ನು ಮರೆಯುವಂತಿಲ್ಲ. ಭಾರತದಲ್ಲಿ ಪೆಟ್ ಬಾಟಲಿಗೆ ಗುಜರಿಯಲ್ಲಿ ಬೆಲೆಯಿದೆ. ಆ ಬೆಲೆಯನ್ನು ನಂಬಿ ಬೆಳಗಿನ ಜಾವದಲ್ಲಿ ಚೀಲ ಹೊತ್ತು ಬೀದಿಗಿಳಿಯುವ ಚಿಂದಿ ಆಯುವವರಿಂದಲೇ ಬಹಳಷ್ಟು ಬಾಟಲಿಗಳು ಮರುಬಳಕೆಯ ದಾರಿ ಸೇರುತ್ತವೆ. ಬೆಂಗಳೂರಿನಲ್ಲಿ ಇವರಿಗೆ ನಗರಪಾಲಿಕೆಯ ಗುರುತಿನ ಚೀಟಿ ದೊರೆತಿದೆ. ಒಣಕಸ ಸಂಗ್ರಹ ಕೇಂದ್ರಗಳನ್ನು ನಡೆಸುವ ಹೊಣೆಯೂ ಅವರಲ್ಲಿ ಕೆಲವರಿಗೆ ಬಂದಿದೆ. ‘ಹಸಿರು ದಳ’ದಂಥ ಸಂಸ್ಥೆಗಳು ಅವರ ಜೊತೆ ದುಡಿಯುತ್ತಿವೆ. ಊರಿನ ಉತ್ಸರ್ಗ ಸಮಿತಿಯನ್ನು ಊರಿನ ಪರವಾಗಿ ಪಾಲಿಸುತ್ತಿರುವವರು ಇವರು. ಹಸಿಕಸದೊಳಗೆ ಬಾಟಲಿಯನ್ನು ತುರುಕಿ ಎಸೆದಾಗ, ಕೊಳೆತ ಅನ್ನದ ನಡುವೆ ಕೈ ಹಾಕಬೇಕಾದ್ದು ಇವರೇ. ಇರುವೆಯನ್ನು ತುಳಿಯದಂತೆ ಹೆಜ್ಜೆಯಿಡುವ ಧರ್ಮಕ್ಕೆ, ಮನುಷ್ಯನ ಕೈ ಕೊಳಚೆಯಲ್ಲಿ ಮುಳುಗುವುದು ಕಾಣದಿದ್ದರೆ ಆ ಅಹಿಂಸೆ ಅಪೂರ್ಣ.

ಕೃತ, ಕಾರಿತ, ಅನುಮೋದನ

ಪಾನೀಯ ಉದ್ಯಮದ ಕಸಕ್ಕೆ ಹೊಣೆ ಯಾರೆಂಬ ಚರ್ಚೆ ಹಳೆಯದು. ಎಸೆದವನದೇ ತಪ್ಪೆಂದು ಉದ್ಯಮ ಹೇಳುತ್ತದೆ. ಮಾರಿದವನದೆಂದು ಗ್ರಾಹಕ ಹೇಳುತ್ತಾನೆ. ಜೈನ ಕರ್ಮಸಿದ್ಧಾಂತದಲ್ಲಿ ಈ ವಾದಕ್ಕೆ ಎಡೆಯಿಲ್ಲ. ತಾನು ಮಾಡುವುದು ಕೃತ, ಮಾಡಿಸುವುದು ಕಾರಿತ, ಮಾಡಿದ್ದನ್ನು ಒಪ್ಪುವುದು ಅನುಮೋದನ. ಮೂರರಿಂದಲೂ ಕರ್ಮಬಂಧವಾಗುತ್ತದೆ. ಎಸೆದ ಕೈ ಕೃತ. ಎಸೆಯದೆ ಬೇರೆ ದಾರಿಯಿಲ್ಲದಂತೆ ವಸ್ತುವನ್ನು ರೂಪಿಸಿದ ಕಾರ್ಖಾನೆ ಕಾರಿತ. ಕಂಡೂ ಕಾಣದಂತೆ ಕೊಳ್ಳುತ್ತಲೇ ಹೋಗುವ ಸಮಾಜ ಅನುಮೋದನ. ಒಬ್ಬರ ಪಾಲು ಇನ್ನೊಬ್ಬರ ಪಾಲನ್ನು ಕಡಿಮೆ ಮಾಡುವುದಿಲ್ಲ.

ಜೈನಧರ್ಮ ಉದ್ಯಮದ ವಿರೋಧಿಯಲ್ಲ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಶ್ರಾವಕ ಪೂರ್ತಿಯಾಗಿ ಬಿಡಬೇಕೆನ್ನುತ್ತದೆ. ಜೀವನೋಪಾಯದಲ್ಲಿ ತಪ್ಪದೆ ಆಗುವ ಉದ್ಯೋಗೀ ಹಿಂಸೆಯನ್ನು ಗೃಹಸ್ಥ ಪೂರ್ತಿಯಾಗಿ ಬಿಡಲಾರ. ಆದರೆ ಯತ್ನಾಚಾರದಿಂದ, ಅಂದರೆ ಎಚ್ಚರದಿಂದ, ಅದನ್ನು ಕನಿಷ್ಠಕ್ಕಿಳಿಸಬೇಕು. ಪರಿಣಾಮ ತಿಳಿಯದೆ ಆದದ್ದು ಉದ್ಯೋಗೀ ಹಿಂಸೆಯಾದೀತು. ಪರಿಣಾಮ ತಿಳಿದ ಮೇಲೂ, ತಡೆಯುವ ದಾರಿ ಗೊತ್ತಿದ್ದ ಮೇಲೂ, ಲಾಭಕ್ಕಾಗಿ ಹಾಗೆಯೇ ಮುಂದುವರಿಸಿದರೆ ಅದು ಸಂಕಲ್ಪದ ಗಡಿಯನ್ನು ಮುಟ್ಟುತ್ತದೆ.

ದೇಶದ ಕಾನೂನೂ ಈಗ ಇದೇ ದಿಕ್ಕಿನಲ್ಲಿ ನಡೆಯುತ್ತಿದೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು, ಪೇಟೆಗೆ ಬಿಟ್ಟ ಪ್ಲಾಸ್ಟಿಕ್ಕನ್ನು ಮರಳಿ ಪಡೆಯುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿದವು. 2022ರ ಫೆಬ್ರುವರಿಯ ಮಾರ್ಗಸೂಚಿ ಅದಕ್ಕೆ ಲೆಕ್ಕವನ್ನೂ ಕೊಟ್ಟಿತು. ಬಾಟಲಿಯೂ ಸೇರಿದ ಗಟ್ಟಿ ಪ್ಲಾಸ್ಟಿಕ್ಕಿನ ವರ್ಗದಲ್ಲಿ ಕನಿಷ್ಠ ಮರುಬಳಕೆಯ ಪ್ರಮಾಣ 2024-25ರಲ್ಲಿ ಶೇ 50, 2027-28ರ ಹೊತ್ತಿಗೆ ಶೇ 80 ಎಂದು ನಿಗದಿಪಡಿಸಿತು. ಹೊಸ ಪ್ಯಾಕಿಂಗಿನಲ್ಲಿ ಹಳೆಯ ಪ್ಲಾಸ್ಟಿಕ್ ಬೆರೆಸಬೇಕಾದ ಪ್ರಮಾಣ 2025-26ರಲ್ಲಿ ಶೇ 30ರಿಂದ ಆರಂಭವಾಗಿ 2028-29ರಲ್ಲಿ ಶೇ 60ಕ್ಕೆ ಏರಬೇಕೆಂದಿತು. ಕಾನೂನಿನ ಭಾಷೆಯಲ್ಲಿ ಇದರ ಹೆಸರು ಉತ್ಪಾದಕರ ವಿಸ್ತೃತ ಹೊಣೆಗಾರಿಕೆ. ಶ್ರಾವಕಾಚಾರದ ಭಾಷೆಯಲ್ಲಿ ಇದು ಜೀವಾನಿ: ಎಲ್ಲಿಂದ ಪಡೆದೆಯೋ ಅಲ್ಲಿಗೆ ಮರಳಿಸು.

ಲೆಕ್ಕವಿದ್ದಲ್ಲಿ ಸುಳ್ಳುಲೆಕ್ಕವೂ ಹುಟ್ಟುತ್ತದೆ. ಮರುಬಳಕೆ ಮಾಡಿದ ಘಟಕ ಪ್ರಮಾಣಪತ್ರ ಕೊಡುತ್ತದೆ. ಉತ್ಪಾದಕರು ಅದನ್ನು ಕೊಂಡು ತಮ್ಮ ಹೊಣೆ ಪೂರೈಸಿದೆಯೆಂದು ತೋರಿಸಬಹುದು. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೆಲವು ಘಟಕಗಳನ್ನು ತಪಾಸಣೆ ಮಾಡಿದಾಗ ಲಕ್ಷಗಟ್ಟಲೆ ನಕಲಿ ಪ್ರಮಾಣಪತ್ರಗಳು ಬೆಳಕಿಗೆ ಬಂದವು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುವಾಗ ‘ಕೂಟಲೇಖಕ್ರಿಯೆ’ಯನ್ನು, ಅಂದರೆ ಸುಳ್ಳುಪತ್ರ ಬರೆಯುವುದನ್ನು, ಸೇರಿಸಿದೆ. ವ್ಯಾಪಾರದಲ್ಲಿ ಹೆಸರಾದ ಸಮುದಾಯವೊಂದು ಲೆಕ್ಕದ ಪುಸ್ತಕದಲ್ಲಿಯೂ ವ್ರತಭಂಗವಾಗಬಹುದೆಂಬುದನ್ನು ಬಹಳ ಹಿಂದೆಯೇ ಅರಿತಿತ್ತು. ಕಾಗದದಲ್ಲಿ ಮರಳಿದ ಬಾಟಲಿ ಬಾವಿಗೆ ಮರಳಿದ್ದಲ್ಲ.

ಬಾಟಲಿಯ ಮೇಲಿನ ನ್ಯಾಸ

ಅದೇ ಸತ್ಯಾಣುವ್ರತದ ಇನ್ನೊಂದು ಅತಿಚಾರ ‘ನ್ಯಾಸಾಪಹಾರ’. ಒಬ್ಬರು ನಂಬಿ ಇಟ್ಟ ಒತ್ತೆಯನ್ನು, ಅವರು ಮರೆತರೆಂದು, ಪೂರ್ತಿಯಾಗಿ ಮರಳಿಸದಿರುವುದು. ನ್ಯಾಸವೆಂದರೆ ನಂಬಿಕೆಯ ಠೇವಣಿ. ಬಾಟಲಿಯನ್ನು ಮರಳಿ ತರಿಸುವ ಜಗತ್ತಿನ ಅತ್ಯಂತ ಫಲಕಾರಿ ಉಪಾಯವೂ ಠೇವಣಿಯೇ ಆಗಿರುವುದು ಯೋಚಿಸತಕ್ಕ ಸಂಗತಿ.

ಜರ್ಮನಿಯಲ್ಲಿ 2003ರಿಂದ ಒಮ್ಮೆ ಬಳಸುವ ಪಾನೀಯ ಬಾಟಲಿಗಳ ಮೇಲೆ ಕಡ್ಡಾಯ ಠೇವಣಿಯಿದೆ. ಈಗ ಒಂದಕ್ಕೆ 25 ಸೆಂಟ್. ಪಾನೀಯ ಕೊಳ್ಳುವಾಗ ಗ್ರಾಹಕ ಅದನ್ನು ಕೊಡುತ್ತಾನೆ, ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿ ಮರಳಿ ಪಡೆಯುತ್ತಾನೆ. ನಾರ್ವೆಯಲ್ಲಿಯೂ ಇಂಥದೇ ವ್ಯವಸ್ಥೆಯಿದೆ. ಎರಡೂ ದೇಶಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಾಟಲಿಗಳು ಮರಳಿ ಬರುತ್ತವೆ. ಜಗತ್ತಿನಲ್ಲಿ 2015ರವರೆಗೆ ಹುಟ್ಟಿದ ಒಟ್ಟು ಪ್ಲಾಸ್ಟಿಕ್ ತ್ಯಾಜ್ಯದಲ್ಲಿ ಮರುಬಳಕೆಯಾದದ್ದು ಶೇ 9ರಷ್ಟು ಮಾತ್ರ ಎಂಬ ಅಂದಾಜಿನ ಪಕ್ಕದಲ್ಲಿಟ್ಟು ನೋಡಿದರೆ ಠೇವಣಿಯ ಬಲ ತಿಳಿಯುತ್ತದೆ.

ಭಾರತದಲ್ಲಿ ಈ ಪ್ರಯೋಗ ನಡೆದ ಸ್ಥಳಗಳಲ್ಲೊಂದು ಒಂದು ತೀರ್ಥಕ್ಷೇತ್ರ. ಕೇದಾರನಾಥದ ಯಾತ್ರೆಯಲ್ಲಿ 2022ರಲ್ಲಿ ಪ್ಲಾಸ್ಟಿಕ್ ಬಾಟಲಿಗಳಿಗೆ ಕ್ಯೂಆರ್ ಸಂಕೇತದ ಚೀಟಿ ಅಂಟಿಸಿ, ಕೊಳ್ಳುವಾಗ 10 ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ಬಾಟಲಿ ತಂದಾಗ ಆ ಹತ್ತು ರೂಪಾಯಿಯನ್ನು ಮರಳಿಸುವ ವ್ಯವಸ್ಥೆಯನ್ನು ಆರಂಭಿಸಲಾಯಿತು. ಯಾತ್ರಿಕ ತಾನೇ ತಾರದಿದ್ದರೆ, ಬಿದ್ದ ಬಾಟಲಿಯನ್ನು ಆಯ್ದು ತಂದವರಿಗೆ ಆ ಹಣ ಸಲ್ಲುತ್ತದೆ. ಕರ್ನಾಟಕದ ಮನೆಗಳಿಗೂ ಇದು ಹೊಸದಲ್ಲ. ಇಪ್ಪತ್ತು ಲೀಟರಿನ ನೀರಿನ ಕ್ಯಾನು ತಂದುಕೊಡುವ ಹುಡುಗ ಖಾಲಿ ಕ್ಯಾನನ್ನು ಕೇಳಿ ಒಯ್ಯುತ್ತಾನೆ. ಮೊದಲ ಸಲ ಕೊಟ್ಟ ಠೇವಣಿ ಅಂಗಡಿಯಲ್ಲಿರುತ್ತದೆ. ಆ ಕ್ಯಾನು ಬೀದಿಯಲ್ಲಿ ಬಿದ್ದಿರುವುದನ್ನು ಯಾರೂ ಕಂಡಿರಲಾರರು. ದೊಡ್ಡ ಪಾತ್ರೆಗೆ ಸಾಧ್ಯವಾದದ್ದು ಚಿಕ್ಕದಕ್ಕೂ ಸಾಧ್ಯ.

ಠೇವಣಿ ಹಣದ ಆಸೆ ತೋರಿಸುವುದಲ್ಲವೇ, ಅದರಲ್ಲಿ ಧರ್ಮವೆಲ್ಲಿ ಎಂಬ ಶಂಕೆ ಏಳಬಹುದು. ವ್ರತವೂ ಮೊದಲು ಒಂದು ಕಟ್ಟುಪಾಡಾಗಿಯೇ ಬರುತ್ತದೆ. ಆಚರಿಸುತ್ತ ಆಚರಿಸುತ್ತ ಸ್ವಭಾವವಾಗುತ್ತದೆ. ಹತ್ತು ರೂಪಾಯಿಗಾಗಿ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡ ಯಾತ್ರಿಕ, ಕಾಲ ಕಳೆದಂತೆ ಹತ್ತು ರೂಪಾಯಿ ಇಲ್ಲದಲ್ಲಿಯೂ ಎಸೆಯಲು ಹಿಂಜರಿಯುತ್ತಾನೆ.

ಸಂವರ ಮೊದಲು, ನಿರ್ಜರೆ ಬಳಿಕ

ತೂತುಬಿದ್ದ ದೋಣಿಯ ದೃಷ್ಟಾಂತ ಜೈನ ಪ್ರವಚನಗಳಲ್ಲಿ ಎಲ್ಲರಿಗೂ ಪರಿಚಿತ. ತೂತಿನಿಂದ ನೀರು ಒಳಗೆ ಬರುವುದು ಆಸ್ರವ. ತೂತನ್ನು ಮುಚ್ಚುವುದು ಸಂವರ. ಒಳಗೆ ಸೇರಿದ ನೀರನ್ನು ಮೊಗೆದು ಹಾಕುವುದು ನಿರ್ಜರೆ. ತೂತು ಮುಚ್ಚದೆ ಮೊಗೆಯುತ್ತಲೇ ಕುಳಿತವನ ದೋಣಿ ದಡ ಸೇರದು. ಮರುಬಳಕೆ ನಿರ್ಜರೆಯಿದ್ದಂತೆ, ಅದು ಬೇಕೇ ಬೇಕು. ಆದರೆ ಬಾಟಲಿಗಳ ಬಳಕೆಯೇ ಏರುತ್ತ ಹೋದರೆ ಯಾವ ಮರುಬಳಕೆಯೂ ಸಾಲದು. ಕರಗಿಸಿದಷ್ಟು ಸಲವೂ ಪ್ಲಾಸ್ಟಿಕ್ಕಿನ ಅಣುಸರಪಳಿ ಮೊಟಕಾಗುತ್ತದೆ; ಅದನ್ನು ಮತ್ತೆ ಸರಿಪಡಿಸಲು ಶಾಖ ಬೇಕು, ವಿದ್ಯುತ್ತು ಬೇಕು, ತೊಳೆಯಲು ನೀರು ಬೇಕು. ಬೇಡದ ಬಾಟಲಿಯನ್ನು ಕೊಳ್ಳದಿರುವುದೇ ಸಂವರ.

ಸಂವರ ಆರಂಭವಾಗಬೇಕಾದ್ದು ಬಸದಿಯ ಅಂಗಳದಿಂದಲೇ. ಸೂರ್ಯಾಸ್ತದ ಮೊದಲೇ ಊಟ ಮುಗಿಸುವ, ಕಂದಮೂಲ ಮುಟ್ಟದ ಮನೆತನಗಳ ಪೂಜಾ ಮಹೋತ್ಸವಗಳಲ್ಲಿಯೂ ಇಂದು ಊಟದ ಎಲೆಯ ಪಕ್ಕದಲ್ಲಿ ಪುಟ್ಟ ಪ್ಲಾಸ್ಟಿಕ್ ಬಾಟಲಿಯಿರುತ್ತದೆ. ಎರಡು ಗುಟುಕು ಕುಡಿದು ಬಿಟ್ಟ ಬಾಟಲಿಗಳು ಪಂಕ್ತಿ ಎದ್ದ ಮೇಲೆ ರಾಶಿಯಾಗಿ ಉಳಿಯುತ್ತವೆ. ಎಂಜಲು ಸೋಕಿದ ನೀರಿನಲ್ಲಿ ಒಂದು ಮುಹೂರ್ತದೊಳಗೆ, ಅಂದರೆ 48 ನಿಮಿಷಗಳೊಳಗೆ, ಸಮ್ಮೂರ್ಛನ ಜೀವಿಗಳು ಹುಟ್ಟುತ್ತವೆಂಬುದು ಜೈನರ ನಂಬಿಕೆ. ಅರ್ಧ ಕುಡಿದು ಮುಚ್ಚಳ ಬಿಗಿದು ಎಸೆದ ಬಾಟಲಿ ಆ ಜೀವಿಗಳಿಗೆ ಹೊರದಾರಿಯೇ ಇಲ್ಲದ ಸೆರೆಮನೆ. ಊಟ ಮಾಡಿದ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿದು ಒರೆಸಿಡುವ ಸಂಪ್ರದಾಯ ಇಂದಿಗೂ ಜೈನರಲ್ಲಿ ಉಳಿದಿದೆ. ಅದೇ ಶಿಸ್ತಿನಿಂದ ಬಾಟಲಿಯ ನೀರನ್ನು ಕೊನೆಯ ಹನಿಯವರೆಗೆ ಕುಡಿದರೆ ಜೀವದಯೆಯೂ ಆಯಿತು, ನೀರಿನ ಉಳಿತಾಯವೂ ಆಯಿತು. ಒಣಗಿದ ಖಾಲಿ ಬಾಟಲಿಯೇ ಮರುಬಳಕೆಗೂ ಬೇಕಾದ್ದು. ನೀರನ್ನು ಅಗತ್ಯವಿಲ್ಲದೆ ಚೆಲ್ಲುವುದನ್ನು ಶ್ರಾವಕಾಚಾರಗಳು ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಎಣಿಸಿವೆ. ಜಲವೂ ಅಪ್ಕಾಯಿಕ ಜೀವಗಳ ದೇಹವೇ.

ಉತ್ಸವಗಳಲ್ಲಿ ಸೋಸಿ ಕಾಯಿಸಿದ ನೀರಿನ ಹಂಡೆ, ಸ್ಟೀಲಿನ ಲೋಟ, ತೊಳೆಯುವ ಸರದಿಯ ಸೇವಕರು: ಹಿಂದಿನವರಿಗೆ ಇದಿಷ್ಟೇ ಸಾಕಾಗಿತ್ತು. ಬಾಟಲಿ ಅನಿವಾರ್ಯವಾದೆಡೆ ಖಾಲಿ ಬಾಟಲಿಗೆ ಪ್ರತ್ಯೇಕ ಬುಟ್ಟಿಯಿಟ್ಟು ಒಣಕಸ ಸಂಗ್ರಹಿಸುವವರ ಕೈಗೆ ನೇರವಾಗಿ ಒಪ್ಪಿಸುವುದು ಕಷ್ಟವೇನಲ್ಲ. ಪೂಜೆಯ ಖರ್ಚಿನ ಪಟ್ಟಿಯಲ್ಲಿ ಹೂವಿಗೂ ಹಣ್ಣಿಗೂ ಇರುವ ಸಾಲಿನ ಕೆಳಗೆ ಇದಕ್ಕೂ ಒಂದು ಸಾಲು ಸಾಕು.

ಅಜ್ಜಿಯ ಗುಳ್ಳಕಾಯಿ

ಬಿಳಿಯ ಕೊಳದಿಂದ ಹೆಸರು ಪಡೆದ ಬೆಳಗೊಳದಲ್ಲಿ, ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಏರುವ ಯಾತ್ರಿಕನಿಗೆ ಬಾಯಾರಿಕೆ ಸಹಜ; ಕೈಯಲ್ಲಿ ನೀರಿರುವುದೂ ಸಹಜ. ಮೇಲೆ ಹತ್ತಿದಾಗ ಎದುರಾಗುವ ಬಾಹುಬಲಿ ಸ್ವಾಮಿ, ಗೆದ್ದ ರಾಜ್ಯವನ್ನು ಗೆದ್ದ ಗಳಿಗೆಯಲ್ಲಿಯೇ ಬಿಟ್ಟವನು. ಆ ನಿಲುವಿನ ಹೆಸರು ಕಾಯೋತ್ಸರ್ಗ. ಸಮಿತಿಯಲ್ಲಿರುವ ಉತ್ಸರ್ಗವೇ ಇಲ್ಲಿಯೂ ಇದೆ. ಕಾಲಿಗೆ ಬಳ್ಳಿ ಹಬ್ಬಿದರೂ, ಪಕ್ಕದಲ್ಲಿ ಹುತ್ತ ಬೆಳೆದರೂ ಅವನ್ನು ಕದಲಿಸದೆ ನಿಂತ ಮೂರ್ತಿಯ ಮುಂದೆ, ಬಿಡುವುದೆಂದರೆ ಎಸೆಯುವುದಲ್ಲವೆಂಬ ತಿಳಿವು ತಾನಾಗಿ ಮೂಡಬೇಕು.

ಆ ಮೂರ್ತಿಯೆದುರು ಗುಳ್ಳಕಾಯಜ್ಜಿಯೂ ನಿಂತಿದ್ದಾಳೆ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಅಭಿಷೇಕ ಸ್ವಾಮಿಯ ಪಾದಕ್ಕಿಳಿಯಲಿಲ್ಲ; ಬಡ ಅಜ್ಜಿಯೊಬ್ಬಳು ಗುಳ್ಳಕಾಯಿಯ ತೊಗಟೆಯಲ್ಲಿ ತಂದ ಚೂರು ಹಾಲು ಇಡೀ ಮೂರ್ತಿಯನ್ನು ತೋಯಿಸಿ ಬೆಟ್ಟದಿಂದ ಕೆಳಕ್ಕೆ ಹರಿಯಿತೆಂಬುದು ಐತಿಹ್ಯ. ಈ ಕಥೆಯನ್ನು ಅಹಂಕಾರದ ಸೋಲೆಂದು, ಭಕ್ತಿಯ ಗೆಲುವೆಂದು ಹೇಳುತ್ತ ಬಂದಿದ್ದಾರೆ. ಅಜ್ಜಿಯ ಪಾತ್ರೆಯ ಕಡೆಗೂ ಕಣ್ಣು ಹಾಯಿಸಬಹುದು. ಅದು ಬೇಲಿಯ ಗಿಡದಲ್ಲಿ ಬಿಟ್ಟ ಒಂದು ಕಾಯಿ. ಬೇಕಾದಷ್ಟೇ ಹಿಡಿಯಿತು, ಕೆಲಸ ಮುಗಿದ ಮೇಲೆ ಮಣ್ಣಿಗೆ ಮರಳಿತು.

ಹನ್ನೆರಡು ವರ್ಷಗಳಿಗೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ 2018ರಲ್ಲಿ ನಡೆದಿದೆ. ಕ್ರಮದಂತೆ ಮುಂದಿನದು 2030ಕ್ಕೆ ಬರಬೇಕು. ಲಕ್ಷಾಂತರ ಜನ ಸೇರುವ ಆ ದಿನಗಳಿಗೆ ಠೇವಣಿಯ ಬಾಟಲಿ, ಕುಡಿಯುವ ನೀರಿನ ಹಂಡೆ, ಆಯುವವರಿಗೆ ಗೌರವದ ಕೂಲಿ ಇವುಗಳನ್ನು ಈಗಿನಿಂದಲೇ ಯೋಚಿಸಲು ಕಾಲವಿದೆ. ಉದ್ಯಮಿಗಳಿಗೂ ಶ್ರಾವಕರಿಗೂ ಕ್ಷೇತ್ರಗಳಿಗೂ ಒಂದೇ ಪ್ರಶ್ನೆ. ನೀರನ್ನು ಪಡೆದದ್ದಾಯಿತು, ಸೋಸಿದ್ದಾಯಿತು, ಕುಡಿದದ್ದಾಯಿತು. ಬಟ್ಟೆಯಲ್ಲಿ ಉಳಿದದ್ದನ್ನು ಅದರ ಬಾವಿಗೆ ಮರಳಿ ಬಿಟ್ಟದ್ದಾಯಿತೇ? ಅದಕ್ಕೆ ಹೌದೆನ್ನಲು ಬಂದ ದಿನ ವ್ರತ ಪೂರ್ಣವಾಗುತ್ತದೆ.